‘ನಮ್ಮ ವಂಶದಲ್ಲೇ ಇಲ್ಲ, ಮಗುವಿಗೆ ಯಾಕೆ ಟೆಸ್ಟ್?’

ಪ್ರಶ್ನೆ: ಅಮೆರಿಕದಲ್ಲಿ ಮಗು ಹುಟ್ಟಿದ ಮರುದಿನವೇ, ಹುಟ್ಟಿನಿಂದಲೇ ಇರಬಹುದಾದ ಕಾಯಿಲೆಗಳ ಟೆಸ್ಟ್‌ಗೆ ಅಂತ ಹಿಮ್ಮಡಿ ಚುಚ್ಚಿ ರಕ್ತ ತೆಗೆದರು. ನಮ್ಮಿಬ್ಬರ ಕಡೆಯೂ ಯಾರಿಗೂ ಅಂಥ ಕಾಯಿಲೆ ಇಲ್ಲ. ಬೇರೆ ರಾಜ್ಯದಲ್ಲಿರುವ ಅಕ್ಕನ ಮಗುವಿಗೆ ಮಾಡಿದ ಟೆಸ್ಟ್‌ಗಳ ಪಟ್ಟಿಯೇ ಬೇರೆ. ಇದೆಲ್ಲ ಬೇಕಾ?

ಉತ್ತರ: ಇದಕ್ಕೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ.

ಪಟ್ಟಿಯ ವಿಷಯ ಸುಲಭ. ಕೇಂದ್ರ ಸರ್ಕಾರದ್ದು ಬರೀ ಶಿಫಾರಸು. ತೀರ್ಮಾನ ರಾಜ್ಯದ್ದು. ನರಗಳನ್ನು ಹಾಳುಮಾಡುವ ಕ್ರಾಬೆ ಕಾಯಿಲೆಗೆ ನ್ಯೂಯಾರ್ಕ್ 2006ರಲ್ಲೇ ಟೆಸ್ಟ್ ಶುರು ಮಾಡಿತು, ಕೇಂದ್ರದ ಪಟ್ಟಿಗೆ ಅದು ಸೇರಿದ್ದು 2024ರಲ್ಲಿ. ಬೇಡ ಅನ್ನಲು ಹೆಚ್ಚಿನ ರಾಜ್ಯಗಳಲ್ಲಿ ದಾರಿ ಇದೆ, ಆದರೆ ದಯವಿಟ್ಟು ‘ವಂಶದಲ್ಲಿ ಇಲ್ಲ’ ಅನ್ನುವ ಕಾರಣಕ್ಕೆ ಬೇಡ ಅನ್ನಬೇಡಿ.

ಯಾಕೆ ಅಂದರೆ, ಇಂಥ ಕಾಯಿಲೆ ಇರುವ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲೂ ಹಿಂದೆ ಯಾರಿಗೂ ಇರುವುದಿಲ್ಲ. ಪಿಕೆಯು ತಗೊಳ್ಳಿ, ಪ್ರೋಟೀನಿನ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ ಕಾಯಿಲೆ ಇದು. ಯುರೋಪ್ ಮೂಲದವರಲ್ಲಿ ಸುಮಾರು 50 ಜನಕ್ಕೆ ಒಬ್ಬರು ಇದರ ಕೆಟ್ಟ ಜೀನಿನ ಒಂದು ಪ್ರತಿ ಹೊತ್ತಿರುತ್ತಾರೆ. ಒಂದೇ ಪ್ರತಿ ಇದ್ದರೆ ಏನೂ ಆಗುವುದಿಲ್ಲ, ಹಾಗಾಗಿ ಅದು ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಸದ್ದಿಲ್ಲದೆ ಸಾಗುತ್ತದೆ. ಅಂಥ ಇಬ್ಬರು ಜೋಡಿಯಾಗುವುದು 2,500ಕ್ಕೆ ಒಂದು ಸಲ. ಅವರಿಗೆ ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಗುಣಿಸಿ ನೋಡಿ, ಸುಮಾರು 10,000 ಮಕ್ಕಳಲ್ಲಿ ಒಂದು. ಆ ಒಂದು ಮಗುವಿನ ಅಪ್ಪ ಅಮ್ಮನೂ ನಿಮ್ಮ ಹಾಗೇ ‘ನಮ್ಮಲ್ಲಿ ಇಲ್ಲ’ ಅಂದುಕೊಂಡಿರುತ್ತಾರೆ ಅಲ್ವಾ?

ಇನ್ನು ಹುಟ್ಟಿನಿಂದಲೇ ಥೈರಾಯ್ಡ್ ಕೊರತೆ ಇರುವ ಮಕ್ಕಳ ವಿಷಯದಲ್ಲಂತೂ ಹೆಚ್ಚಿನ ಸಲ ವಂಶದ ಮಾತೇ ಬರುವುದಿಲ್ಲ. ಗ್ರಂಥಿ ಸರಿಯಾಗಿ ಬೆಳೆದಿರುವುದಿಲ್ಲ, ಅಷ್ಟೇ.

‘ಮಗು ಗುಂಡುಗುಂಡಾಗಿದೆ, ಚೆನ್ನಾಗಿ ಹಾಲು ಕುಡಿಯುತ್ತಿದೆ’ ಅನ್ನುವವರೂ ಇದ್ದಾರೆ. ಗ್ಯಾಲಕ್ಟೋಸೀಮಿಯಾ (ಹಾಲಿನ ಸಕ್ಕರೆಯ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾಗದ ಕಾಯಿಲೆ) ಇರುವ ಮಗುವಿಗೆ ಆ ಹಾಲೇ ವಿಷ. ಪಿಕೆಯುನಲ್ಲೂ ಹೊಟ್ಟೆಯಲ್ಲಿದ್ದಾಗ ತಾಯಿಯ ದೇಹ ಪ್ರೋಟೀನಿನ ಆ ಅಂಶವನ್ನು, ಅಂದರೆ ಫಿನೈಲಲನೈನ್ ಅನ್ನು, ಹೊರಹಾಕುತ್ತಿರುತ್ತದೆ, ಹುಟ್ಟಿ ಹಾಲು ಕುಡಿಯಲು ಶುರು ಮಾಡಿದ ಮೇಲೆ ಅದು ರಕ್ತದಲ್ಲಿ ಸೇರುತ್ತಾ ಹೋಗುತ್ತದೆ. ರಕ್ತ ತೆಗೆಯಲು 24 ಗಂಟೆ ಕಾಯುವುದು ಇದಕ್ಕೇ, ಸುಮ್ನೆ ಅಲ್ಲ. ಕಣ್ಣಿಗೆ ಲಕ್ಷಣ ಕಾಣುವ ಹೊತ್ತಿಗೆ ಮಿದುಳಿಗೆ ಪೆಟ್ಟು ಬಿದ್ದಾಗಿರುತ್ತದೆ. ಮೊದಲೇ ಗೊತ್ತಾದರೆ ಊಟದ ಪಥ್ಯದಲ್ಲೇ ಅದನ್ನು ತಡೆಯಬಹುದು. 1960ರ ದಶಕದ ಆರಂಭದಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಗತ್ರಿ ಒಂದು ಕಾಗದದ ಮೇಲಿನ ಒಣಗಿದ ರಕ್ತದಲ್ಲೇ ಇದನ್ನು ಪತ್ತೆ ಮಾಡಿ ತೋರಿಸಿದರು. 1963ರಲ್ಲಿ ಮ್ಯಾಸಚೂಸೆಟ್ಸ್ ಅದನ್ನು ಕಡ್ಡಾಯ ಮಾಡಿತು. ಇಷ್ಟು ಸರಳ ಉಪಾಯ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಹಾಂ, ‘ಮತ್ತೆ ಟೆಸ್ಟ್ ಮಾಡಿಸಿ’ ಅಂತ ಫೋನ್ ಬಂದರೆ ಕಾಯಿಲೆ ಇದೆ ಅಂತಲ್ಲ. ಆದರೆ ಹೋಗುವುದನ್ನು ತಡ ಮಾಡಬೇಡಿ.

ನನ್ನನ್ನು ಕೇಳಿದರೆ ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಟೆಸ್ಟ್ ಆದ ಮೇಲೆ ಉಳಿದ ರಕ್ತದ ಕಾಗದ ಏನಾಗುತ್ತದೆ? ಟೆಕ್ಸಸ್‌ನಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಅವನ್ನು ಇಟ್ಟುಕೊಂಡಿದ್ದಕ್ಕೆ 2009ರಲ್ಲಿ ಕೇಸ್ ಆಗಿ, ಕೊನೆಗೆ 50 ಲಕ್ಷಕ್ಕೂ ಜಾಸ್ತಿ ಮಾದರಿಗಳನ್ನು ನಾಶ ಮಾಡಬೇಕಾಯಿತು. ಎಷ್ಟು ವರ್ಷ ಇಡುತ್ತಾರೆ, ಸಂಶೋಧನೆಗೆ ಯಾರಿಗೆ ಕೊಡುತ್ತಾರೆ ಅನ್ನುವುದೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಟೆಸ್ಟ್ ಮಾಡಿಸಿ, ಉಳಿದ ಕಾಗದದ ಬಗ್ಗೆ ನಿಮ್ಮ ರಾಜ್ಯದ ಆರೋಗ್ಯ ಇಲಾಖೆಯನ್ನು ಕೇಳಿ.