ಮಗುವಿನ ಮಾತುಗಳನ್ನು ಎಣಿಸುವಾಗ

ಮುಂಬೈ ಸುತ್ತಲಿನ ಡೊಂಬಿವಲಿ, ಮುಲುಂಡ್ ಕಡೆಯ ಕನ್ನಡ ಮನೆಗಳಿಂದ ವಾಕ್ ಚಿಕಿತ್ಸೆಗೆಂದು ನನ್ನಲ್ಲಿಗೆ ಬರುವ ತಂದೆತಾಯಂದಿರಲ್ಲಿ ಹಲವರು, ಎರಡು ವರ್ಷದ ಮಗು ಆಡುವ ಮಾತುಗಳ ಪಟ್ಟಿಯನ್ನು ಮೊಬೈಲಿನಲ್ಲಿ ಬರೆದುಕೊಂಡೇ ಬಂದಿರುತ್ತಾರೆ. ಅದರಲ್ಲಿ ಕನ್ನಡದ ಮಾತುಗಳಷ್ಟೇ ಇರುತ್ತವೆ, ಇಲ್ಲವೇ ಪ್ಲೇಸ್ಕೂಲಿನ ಚಿಂತೆಯಿಂದಾಗಿ ಇಂಗ್ಲಿಷಿನವು ಮಾತ್ರ. ಕೂಡಲೇ ಬರುವ ಪ್ರಶ್ನೆ: "ಮೇಡಂ, ಐವತ್ತು ಪದವೂ ಆಗಿಲ್ಲ, ಮನೆಯಲ್ಲಿ ಕನ್ನಡ ನಿಲ್ಲಿಸಿಬಿಡೋಣವೇ?" ದಯವಿಟ್ಟು ನಿಲ್ಲಿಸಬೇಡಿ, ಮೊದಲು ಎಣಿಕೆಯನ್ನು ಸರಿಮಾಡಿಕೊಳ್ಳಿ.

ಸಂಶೋಧಕರು ಬಹುವಾಗಿ ಬಳಸುವ ಮ್ಯಾಕ್‌ಆರ್ಥರ್-ಬೇಟ್ಸ್ ಪ್ರಶ್ನಾವಳಿಯ ಅಮೆರಿಕನ್ ಇಂಗ್ಲಿಷ್ ಆವೃತ್ತಿಯಲ್ಲಿ, 16ರಿಂದ 30 ತಿಂಗಳ ಮಕ್ಕಳಿಗಾಗಿ 680 ಪದಗಳಿವೆ. ಮಗು ಆಡುವ ಪದಗಳಿಗೆ ಹೆತ್ತವರು ಗುರುತು ಹಾಕುತ್ತಾರೆ. ಎರಡು ಭಾಷೆ ಕೇಳಿ ಬೆಳೆಯುವ ಮಗುವನ್ನು ಇಂಥ ಒಂದೇ ಪಟ್ಟಿಯಿಂದ ಅಳೆದರೆ ಅರ್ಧ ಸಂಪತ್ತು ಲೆಕ್ಕಕ್ಕೇ ಬರುವುದಿಲ್ಲ. 1993ರಲ್ಲಿ ಬಾರ್ಬರಾ ಪಿಯರ್ಸನ್ ಮತ್ತು ಸಂಗಡಿಗರು ಸ್ಪ್ಯಾನಿಷ್-ಇಂಗ್ಲಿಷ್ ಮಕ್ಕಳ ಎರಡೂ ಭಾಷೆಗಳ ಪದಗಳನ್ನು ಕೂಡಿಸಿ ನೋಡಿದಾಗ, ಅವರು ಏಕಭಾಷಿಕ ಮಕ್ಕಳಿಗಿಂತ ಹಿಂದಿದ್ದಾರೆ ಎನ್ನಲು ಆಧಾರ ಸಿಗಲಿಲ್ಲ. ಈ ಸಂಶೋಧಕರು ಎಣಿಸಿದ್ದು ಎರಡು ಬಗೆಯಲ್ಲಿ. ನಮ್ಮಲ್ಲಿ ಅಮ್ಮನ ಹತ್ತಿರ "ನೀರು", ಮನೆಗೆಲಸದವರ ಹತ್ತಿರ ಮರಾಠಿಯಲ್ಲಿ "ಪಾಣಿ" ಎನ್ನುವ ಮಗುವಿಗೆ ಒಟ್ಟು ಪದಗಳ ಲೆಕ್ಕದಲ್ಲಿ ಎರಡು, ಪರಿಕಲ್ಪನೆಗಳ ಲೆಕ್ಕದಲ್ಲಿ ಒಂದು ಸಿಗುತ್ತದೆ. ಒಂದೇ ಭಾಷೆಯಲ್ಲಿ ಬರುವ ಪದ ಎರಡೂ ಲೆಕ್ಕಕ್ಕೆ ಸೇರುತ್ತದೆ.

ಕಳೆದ ಮಳೆಗಾಲದಲ್ಲಿ ಬಂದ ಹುಡುಗಿಯೊಬ್ಬಳು ಚಿತ್ರದ ಕಾಗೆಗೆ ಬೆರಳಿಟ್ಟು "ತಾವ್ಳಾ" ಎಂದಳು. ಬಿಸ್ಕತ್ತು ಕೊಟ್ಟರೆ ಸ್ಪಷ್ಟವಾಗಿ "ನಕೋ" ಎಂದು ತಳ್ಳಿದಳು. ಆ ಎರಡು ಮಾತುಗಳೂ ಮನೆಯವರ ಪಟ್ಟಿಯಲ್ಲಿರಲಿಲ್ಲ. ಕೇಳಿದರೆ ಅಜ್ಜಿ, "ಅದು ಮರಾಠಿಯಲ್ಲವೇನಮ್ಮಾ, ಅದನ್ನೂ ಬರೆಯಬೇಕೇ?" ಎಂದರು. ಬರೆಯಲೇಬೇಕು. "ಕಾವ್ಳಾ" ಎನ್ನಲು ಬಾರದಿದ್ದರೂ ಪ್ರತಿ ಸಲ ಕಾಗೆಗೇ "ತಾವ್ಳಾ" ಎನ್ನುವುದಾದರೆ ಅದು ಪದವೇ. ಅಜ್ಜಿಯ ಜೊತೆ ಕುಳಿತು ಹಿಂದಿ, ಮರಾಠಿ ಮಾತುಗಳನ್ನು ಸೇರಿಸುತ್ತ ಹೋದಂತೆ ಪಟ್ಟಿ ಐವತ್ತನ್ನು ಸುಲಭವಾಗಿ ದಾಟಿತು.

ಹಾಗೆಂದು ಎಲ್ಲ ವಿಳಂಬವನ್ನೂ ಭಾಷೆಗಳ ತಲೆಗೆ ಕಟ್ಟುವುದೂ ತಪ್ಪು. ಎಲ್ಲ ಭಾಷೆಗಳನ್ನು ಕೂಡಿಸಿದ ಮೇಲೂ 24 ತಿಂಗಳಿಗೆ ಪದಗಳು ಐವತ್ತಕ್ಕಿಂತ ಕಡಿಮೆಯಿದ್ದರೆ, ಅಥವಾ ಮಗು ಎರಡು ಪದ ಜೋಡಿಸದಿದ್ದರೆ, ಅದು ರೋಗನಿರ್ಣಯವಲ್ಲ, ಪರೀಕ್ಷೆಗೆ ಬರಬೇಕೆಂಬ ಸೂಚನೆ. ಆಗ ಮೊದಲು ಮಾಡಿಸಬೇಕಾದದ್ದು ಶ್ರವಣ ಪರೀಕ್ಷೆ, ನೆರೆಯವರು ಏನೇ ಹೇಳಲಿ.