ಮೆಕೆಂಜಿ ಹೆಸರಿನೊಳಗಿನ ಞ

ಎಡಿನ್‌ಬರೋ ನಗರದ ಗ್ರೇಫ್ರೈಯರ್ಸ್ ಸ್ಮಶಾನದಲ್ಲಿ ಗುಮ್ಮಟ ಹೊತ್ತ ಒಂದು ದುಂಡನೆಯ ಸಮಾಧಿ ಇದೆ. ಒಳಗೆ ಮಲಗಿರುವವನು ಸರ್ ಜಾರ್ಜ್ ಮೆಕೆಂಜಿ, 17ನೇ ಶತಮಾನದ ಸ್ಕಾಟ್ಲೆಂಡಿನಲ್ಲಿ ರಾಜನ ಪರ ವಾದಿಸುತ್ತಿದ್ದ ದೊಡ್ಡ ವಕೀಲ. ರಾಜ ಹೇಳಿದ ಹಾಗೆ ಪ್ರಾರ್ಥನೆ ಮಾಡಲು ಒಪ್ಪದ ಜನರನ್ನು ಗಲ್ಲಿಗೆ ಕಳಿಸಿದ್ದಕ್ಕೆ ಊರವರು ಅವನಿಗೆ ‘ರಕ್ತದ ಮೆಕೆಂಜಿ’ ಅಂತ ಹೆಸರಿಟ್ಟರು. 1691ರಲ್ಲಿ ಸತ್ತ ಮೇಲೂ ಹುಡುಗರು ಅವನನ್ನು ಬಿಡಲಿಲ್ಲ. ಸಮಾಧಿಯ ಬಾಗಿಲಿಗೆ ಬಂದು, ಬೀಗದ ಕಿಂಡಿಗೆ ಬಾಯಿಟ್ಟು, ಧೈರ್ಯ ಇದ್ದರೆ ಅಗುಳಿ ತೆಗೆದು ಈಚೆ ಬಾ ಅಂತ ಪ್ರಾಸ ಕಟ್ಟಿ ಕೂಗಿ ಓಡಿಬಿಡುವುದು ಅವರ ಆಟ.

ದೆವ್ವದ ಕಥೆ ಇರಲಿ. ನನಗೆ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಆ ಹುಡುಗರು ಕೂಗುತ್ತಿದ್ದ ಹೆಸರು. ಅವರ ಬಾಯಲ್ಲಿ ಅದು ಮೆಕೆಂಜಿ ಅಲ್ಲ, ‘ಮಕಿಙಿ’.

ಙ ಅಕ್ಷರವನ್ನು ನೋಡಿ ಎಷ್ಟು ವರ್ಷ ಆಯಿತೋ, ಅಲ್ವಾ? ಒಂದನೇ ಕ್ಲಾಸಿನಲ್ಲಿ ‘ಕ ಖ ಗ ಘ’ದ ಕೊನೆಗೆ ಹೇಳಿ ಬಿಟ್ಟದ್ದು. ಅದರ ಕೆಳಗಿನ ಸಾಲಿನ ಞ ಕಥೆಯೂ ಅಷ್ಟೇ. ಸ್ಕಾಟ್ಲೆಂಡಿನ ಈ ಮನೆತನದ ಹೆಸರನ್ನು ಅರ್ಥ ಮಾಡಿಕೊಳ್ಳಲು ಈ ಎರಡೂ ಅಕ್ಷರಗಳು ಬೇಕು.

ಮೊದಲು ಹೆಸರಿನ ಹುಟ್ಟು. ಸ್ಕಾಟ್ಲೆಂಡಿನ ಉತ್ತರದ ಬೆಟ್ಟಗುಡ್ಡಗಳ ಭಾಷೆ ಗೇಲಿಕ್. ಅದರಲ್ಲಿ ‘ಮಾಕ್’ ಎಂದರೆ ಮಗ. ‘ಕೊಞಾಕ್’ ಎಂದರೆ ಚೆಲುವ. ಕೊಞಾಕನ ಮಗ ‘ಮಾಕ್ ಕೊಞಿಕ್’. ಹೆಣ್ಣುಮಕ್ಕಳು ಮಗ ಆಗಲಾರರಲ್ಲ, ಹಾಗಾಗಿ ಗೇಲಿಕ್‌ನಲ್ಲಿ ಇವತ್ತಿಗೂ ಆ ಮನೆಯ ಹುಡುಗಿ ‘ಮಾಕ್’ ಅಲ್ಲ, ‘ನಿಕ್’. ಇಂಗ್ಲಿಷಿನವರು ಕೊಞಾಕ್ ಹೆಸರನ್ನು ‘ಕೆನೆತ್’ ಮಾಡಿದರು. ತಮಾಷೆ ಏನೆಂದರೆ, ಬೇರೆಯದೇ ಆದ ‘ಕಿನೇದ್’ ಎಂಬ ಇನ್ನೊಂದು ಗೇಲಿಕ್ ಹೆಸರನ್ನೂ ಅವರು ಕೆನೆತ್ ಅಂತಲೇ ಬರೆದರು.

ಈ ಮನೆತನದ ನೆಲೆ ಪಶ್ಚಿಮ ಕರಾವಳಿಯ ಕಿಂಟೇಲ್. ಕ್ಯಾಲೆಂಡರುಗಳಲ್ಲಿ ಕಾಣುವ, ನೀರಿನ ನಡುವೆ ನಿಂತ ಐಲೀನ್ ಡೊನನ್ ಕೋಟೆ ಇವರದೇ ಆಗಿತ್ತು. ದೊಡ್ಡ ಮನೆತನ ಅಂದ ಮೇಲೆ ಒಂದು ದೊಡ್ಡ ಕಥೆಯೂ ಬೇಕಲ್ಲ. ಐರ್ಲೆಂಡಿನಿಂದ ಬಂದ ಕಾಲಿನ್ ಫಿಟ್ಜೆರಾಲ್ಡ್ ಎಂಬ ವೀರ ಮೂಲಪುರುಷನಂತೆ. ಮೂರನೇ ಅಲೆಕ್ಸಾಂಡರ್ ದೊರೆಯ ಮೇಲೆ ಜಿಂಕೆಯೊಂದು ಕೊಂಬು ಬಗ್ಗಿಸಿ ನುಗ್ಗಿದಾಗ ಇವನೇ ಉಳಿಸಿದನಂತೆ. 1786ರಲ್ಲಿ ಮನೆತನದ ಯಜಮಾನ ಇದನ್ನೇ ಬೆಂಜಮಿನ್ ವೆಸ್ಟ್ ಎಂಬ ಕಲಾವಿದನ ಕೈಯಲ್ಲಿ ಭಾರಿ ಚಿತ್ರವಾಗಿ ಬರೆಸಿದ. ಆದರೆ 1467ರ ಗೇಲಿಕ್ ಹಸ್ತಪ್ರತಿಯೊಂದರ ವಂಶಾವಳಿಯಲ್ಲಿ ಐರ್ಲೆಂಡಿನ ವೀರನ ಸುಳಿವೇ ಇಲ್ಲ. ಅದು ಸ್ಕಾಟ್ಲೆಂಡಿನದೇ ಬೆಟ್ಟಸೀಮೆಯ ಗಿಲಿಯೋನ್ ಎಂಬವನ ಹೆಸರು ಹೇಳುತ್ತದೆ. ನನಗೆ ಹಸ್ತಪ್ರತಿಯ ಮೇಲೇ ನಂಬಿಕೆ.

ಹಾಗಂತ ಮೆಕೆಂಜಿ ಎಂಬ ಹೆಸರಿನವರೆಲ್ಲ ಗಿಲಿಯೋನನ ರಕ್ತ ಅಂದುಕೊಳ್ಳಬೇಡಿ. ಮನೆತನದ ಹೆಸರು ಅಪ್ಪನಿಂದ ಮಗನಿಗೆ ಬರುತ್ತದೆ, ಗಂಡಸರ ಜೀವಕೋಶದಲ್ಲಿರುವ ವೈ ಕ್ರೋಮೋಸೋಮ್ ಕೂಡ ಹಾಗೇ. ಎರಡೂ ಜೊತೆಯಲ್ಲೇ ಸಾಗಬೇಕಿತ್ತು. ಆದರೆ ಆ ಬೆಟ್ಟಸೀಮೆಯಲ್ಲಿ ಜಮೀನು ಉಳುತ್ತಿದ್ದ ಒಕ್ಕಲುಗಳೂ ಎಷ್ಟೋ ಸಲ ಒಡೆಯನ ಹೆಸರನ್ನೇ ಇಟ್ಟುಕೊಂಡರು. ಹೆಸರು ಒಂದೇ, ಮೂಲ ನೂರಾರು.

ಈಗ ಅಸಲಿ ವಿಷಯಕ್ಕೆ ಬರೋಣ. ‘ಕಂತೆ’, ‘ಮಂಚ’, ‘ಅಂಗಳ’ ಅಂತ ನಿಧಾನವಾಗಿ ಹೇಳಿ ನೋಡಿ. ಬರೆಯುವಾಗ ಮೂರಕ್ಕೂ ಒಂದೇ ಸೊನ್ನೆ. ಬಾಯಿ ಮಾತ್ರ ಮೂರು ಬೇರೆ ಕೆಲಸ ಮಾಡುತ್ತದೆ. ಕಂತೆಯಲ್ಲಿ ನಾಲಿಗೆಯ ತುದಿ ಹಲ್ಲಿನ ಹಿಂದೆ ತಾಗುತ್ತದೆ, ಅದು ನ. ಮಂಚದಲ್ಲಿ ನಾಲಿಗೆಯ ನಡುಭಾಗ ಅಂಗುಳಕ್ಕೆ ಒತ್ತುತ್ತದೆ, ಅದು ಞ. ಅಂಗಳದಲ್ಲಿ ನಾಲಿಗೆಯ ಬುಡ ಹಿಂದೆ ಮೇಲೇಳುತ್ತದೆ, ಅದು ಙ. ಗೇಲಿಕ್‌ನ ಕೊಞಿಕ್‌ನಲ್ಲಿ ಇರುವುದು ಮಂಚದ ಞ.

ಸ್ಕಾಟ್ಲೆಂಡಿನ ತಗ್ಗುಸೀಮೆಯಲ್ಲಿ ದಾಖಲೆ ಬರೆಯುತ್ತಿದ್ದವರು ಗೇಲಿಕ್‌ನವರಲ್ಲ. ಅವರದು ಇಂಗ್ಲಿಷಿನ ಹತ್ತಿರದ ನೆಂಟ ಸ್ಕಾಟ್ಸ್ ಭಾಷೆ. ಞಕ್ಕೆ ಅವರ ಹತ್ತಿರ ಒಂದೇ ಅಕ್ಷರ ಇರಲಿಲ್ಲ. ಎನ್ ಬರೆದು ಪಕ್ಕದಲ್ಲಿ ‘ಯೋಗ್’ ಎಂಬ ಅಕ್ಷರ ಸೇರಿಸುತ್ತಿದ್ದರು. ನೋಡಲು ಇಂಗ್ಲಿಷಿನ 3 ಅಂಕಿಯ ಬಾಲವನ್ನು ಕೆಳಗೆ ಎಳೆದಂತಿತ್ತು. ಇಂಥ ಕಡೆ ಅದರ ಉಚ್ಚಾರ ನಮ್ಮ ಯಕಾರ. ನ್ ಮತ್ತು ಯ್ ಸೇರಿದರೆ ಹೆಚ್ಚುಕಡಿಮೆ ಞ. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಜನರ ನಾಲಿಗೆ ಮೆಲ್ಲಗೆ ಹಿಂದಕ್ಕೆ ಸರಿದು ಞ ಹೋಗಿ ಙ ಆಯಿತು. ಸಮಾಧಿಯ ಮುಂದೆ ಹುಡುಗರು ಕೂಗಿದ್ದು ಇದನ್ನೇ.

ತೊಂದರೆ ಶುರುವಾದದ್ದು ಕಾಗದದ ಮೇಲೆ. ಬರಹಗಾರರ ಕೈಯಲ್ಲಿ ಯೋಗ್ ಮತ್ತು ಬಾಲ ಇರುವ ಝೆಡ್ ಆಗಲೇ ಅವಳಿಗಳ ಹಾಗೆ ಕಾಣುತ್ತಿದ್ದವು. 1508ರಲ್ಲಿ ಎಡಿನ್‌ಬರೋದಲ್ಲಿ ಚೆಪ್‌ಮನ್ ಮತ್ತು ಮಿಲ್ಲರ್ ಎಂಬ ಇಬ್ಬರು ಸ್ಕಾಟ್ಲೆಂಡಿನ ಮೊದಲ ಅಚ್ಚುಕೂಟ ನಡೆಸಿದರು. ಅಚ್ಚಿನ ಮೊಳೆಗಳು ಬಂದದ್ದು ಫ್ರಾನ್ಸಿನ ಕಡೆಯಿಂದ. ಫ್ರೆಂಚರಿಗೆ ಯೋಗ್ ಗೊತ್ತೇ ಇಲ್ಲ. ಮೊಳೆ ಜೋಡಿಸುವವನು ಏನು ಮಾಡಿಯಾನು? ಪೆಟ್ಟಿಗೆಯಲ್ಲಿ ಅದೇ ಆಕಾರದ್ದು ಯಾವುದಿದೆ ಅಂತ ನೋಡಿದ. ಝೆಡ್ ಸಿಕ್ಕಿತು, ಹಾಕಿದ.

ಮುದ್ರಣದ ಹೊಸದರಲ್ಲಿ ಓದುಗರಿಗೆ ಇದು ಗೊತ್ತಿತ್ತು. ಝೆಡ್ ನೋಡಿ ಯಕಾರ ಓದಿಕೊಳ್ಳುತ್ತಿದ್ದರು. ತಲೆಮಾರು ಕಳೆದಂತೆ ಗುಟ್ಟು ಮರೆತುಹೋಯಿತು. ಹೊರಗಿನವರಂತೂ ಬರೆದದ್ದನ್ನು ಬರೆದ ಹಾಗೇ ‘ಝಿ’ ಅಂತ ಓದಿದರು. ಕೊನೆಗೆ ಮೆಕೆಂಜಿಗಳೇ ತಮ್ಮನ್ನು ಹಾಗೆ ಕರೆದುಕೊಳ್ಳತೊಡಗಿದರು!

ಎಲ್ಲರೂ ಹೀಗೆ ಸೋಲಲಿಲ್ಲ. ‘ಮೆಂಜೀಸ್’ ಎಂದು ಬರೆಯುವ ಮನೆತನದ ಹೆಸರನ್ನು ಸ್ಕಾಟ್ಲೆಂಡಿನಲ್ಲಿ ಈಗಲೂ ‘ಮಿಙಿಸ್’ ಅನ್ನುವವರಿದ್ದಾರೆ. ಅಲ್ಲಿನ ರಾಜಕಾರಣಿ ಮೆಂಜೀಸ್ ಕ್ಯಾಂಬೆಲ್ ಅವರನ್ನು ಎಲ್ಲರೂ ‘ಮಿಙ್’ ಎಂದೇ ಕರೆಯುತ್ತಿದ್ದರು. ‘ಡಾಲ್‌ಜೀಲ್’ ಎಂದು ಕಾಣುವ ಹೆಸರಿನ ಉಚ್ಚಾರ ‘ಡೀಯೆಲ್’. ಪತ್ರಿಕೆ ಓದುವವರ ಪಾಡು ಕೇಳಬೇಡಿ. ಶೆಟ್‌ಲೆಂಡ್ ದ್ವೀಪಗಳ ಹೆಸರೂ ಹಿಂದೆ ಯೋಗ್‌ನಿಂದ ಶುರುವಾಗುತ್ತಿತ್ತು, ಅದು ಝೆಡ್ ಆಗಿ ‘ಝೆಟ್‌ಲೆಂಡ್’ ಆಯಿತು. 1975ರವರೆಗೆ ಅಲ್ಲಿನ ಆಡಳಿತದ ಹೆಸರೇ ಅದು. ಇವತ್ತಿಗೂ ಆ ದ್ವೀಪಗಳ ಪಿನ್‌ಕೋಡ್ ಶುರುವಾಗುವುದು ‘ಝೆಡ್ ಇ’ ಅಕ್ಷರಗಳಿಂದ. ಐನೂರು ವರ್ಷದ ಹಿಂದಿನ ಒಂದು ಮೊಳೆ ಇನ್ನೂ ಅಂಚೆ ಹಂಚುತ್ತಿದೆ.

ಅಕ್ಷರ ಸತ್ತದ್ದು ನಮ್ಮಲ್ಲೂ ಉಂಟು. ಹಳಗನ್ನಡದ ‘ಏೞು’ ಇವತ್ತು ‘ಏಳು’. ಆದರೆ ನಮ್ಮಲ್ಲಿ ಮೊದಲು ನಾಲಿಗೆ ೞಕಾರವನ್ನು ಬಿಟ್ಟಿತು, ಆಮೇಲೆ ಬರಹವೂ ಬಿಟ್ಟಿತು. ಮೆಕೆಂಜಿಯ ವಿಷಯದಲ್ಲಿ ಉಲ್ಟಾ. ಬರಹ ಮೊದಲು ಬದಲಾಯಿತು, ನಾಲಿಗೆ ಅದರ ಹಿಂದೆ ಹೋಯಿತು.

ಹೀಗೆ ಬದಲಾದ ಹೆಸರನ್ನು ಹೊತ್ತುಕೊಂಡು ಲೂಯಿಸ್ ದ್ವೀಪದ ಸ್ಟಾರ್ನೊವೇ ಎಂಬ ಪುಟ್ಟ ಬಂದರಿನಿಂದ ಇಬ್ಬರು ಹೊರಟರು. ಒಬ್ಬ ಅಲೆಕ್ಸಾಂಡರ್ ಮೆಕೆಂಜಿ. ಕೆನಡಾದ ದೊಡ್ಡ ನದಿಯೊಂದನ್ನು ಹಿಡಿದು 1789ರಲ್ಲಿ ಉತ್ತರದ ಹಿಮಸಮುದ್ರ ಮುಟ್ಟಿದ. 1793ರಲ್ಲಿ ಪೆಸಿಫಿಕ್ ಕರಾವಳಿಗೆ ಹೋಗಿ, ಕೊಬ್ಬಿನಲ್ಲಿ ಕೆಂಪು ಪುಡಿ ಕಲಸಿ ಬಂಡೆಯ ಮೇಲೆ ತನ್ನ ಹೆಸರು, ತಾರೀಖು ಬರೆದ. ಉತ್ತರದ ಡೆನೆ ಜನ ‘ಡೆಚೊ’, ಅಂದರೆ ದೊಡ್ಡ ಹೊಳೆ, ಎನ್ನುವ ಆ ಮೊದಲಿನ ನದಿ ಈಗ ನಕಾಶೆಯಲ್ಲಿ ಮೆಕೆಂಜಿ ನದಿ.

ಇನ್ನೊಬ್ಬ ನಮ್ಮ ಕಡೆಗೇ ಬಂದ. ಕಾಲಿನ್ ಮೆಕೆಂಜಿ, ಕಂಪನಿ ಸೈನ್ಯದ ಎಂಜಿನಿಯರ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ. ಆಮೇಲೆ ಹತ್ತಿರ ಹತ್ತಿರ ಹತ್ತು ವರ್ಷ ಮೈಸೂರು ಸೀಮೆಯನ್ನು ಅಳೆದ. ಅಳತೆಯ ಜೊತೆಗೆ ಊರೂರಿನ ಕೈಫಿಯತ್ತು (ಊರಿನ ಚರಿತ್ರೆಯ ಬರಹ), ಓಲೆಗರಿ, ನಾಣ್ಯ, ಶಾಸನದ ನಕಲು ಎಲ್ಲ ಕೂಡಿಟ್ಟ. ಶಾಸನಗಳ ನಕಲುಗಳೇ 8,000ಕ್ಕೂ ಹೆಚ್ಚು. 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಮರುವರ್ಷ ಥಾಮಸ್ ಹಿಕಿ ಬರೆದ ಅವನ ಚಿತ್ರದಲ್ಲಿ ಸುತ್ತ ಮೂವರು ಭಾರತೀಯ ಸಹಾಯಕರಿದ್ದಾರೆ, ದೂರದ ಗುಡ್ಡದ ಮೇಲೆ ಗೊಮ್ಮಟ ನಿಂತಿದ್ದಾನೆ.

ಈ ಕೆಲಸ ಅವನೊಬ್ಬನದಲ್ಲ. ಅವನಿಗೆ ನಮ್ಮ ಭಾಷೆಗಳು ಓದಲು ಬರುತ್ತಿರಲಿಲ್ಲ. ಕಾವಲಿ ವೆಂಕಟ ಬೊರಯ್ಯ, ಲಕ್ಷ್ಮಯ್ಯ ಎಂಬ ಅಣ್ಣತಮ್ಮಂದಿರು ಊರೂರು ಸುತ್ತಿ ಸಂಗ್ರಹಿಸಿದರು. ಹಳಗನ್ನಡದ ಶಾಸನ ಓದಿಕೊಟ್ಟವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಬಳಕೆ ತಪ್ಪಿದ ೞ, ಱ ಅಕ್ಷರಗಳನ್ನು ಕಲ್ಲಿನಲ್ಲಿ ಗುರುತಿಸುವುದು ಧರ್ಮಯ್ಯನವರ ದಿನದ ಕೆಲಸ. ಸಂಬಳ ಕೊಡುವ ಸಾಹೇಬರ ಹೆಸರಿನಲ್ಲೇ ಅಂಥದ್ದೊಂದು ಅಕ್ಷರ ಹೂತುಹೋಗಿದೆ ಅಂತ ಅವರಿಗೆ ಯಾರೂ ಹೇಳಿರಲಾರರು.

ಇನ್ನೊಂದು ಮಾತು. ಇಂಗ್ಲಿಷಿನವರು ‘ಮೆಕೆನ್‌ಝಿ’ ಅನ್ನುವಾಗ ನಾಲಿಗೆಯ ತುದಿ ಮುಂದೆ ಬರುತ್ತದೆ, ಅದು ಬರೀ ನ. ನಾವು ಕನ್ನಡದಲ್ಲಿ ಮೆಕೆಂಜಿ ಎಂದು ಬರೆದು ಓದುತ್ತೇವೆ. ಜಕಾರದ ಹಿಂದಿನ ಆ ಸೊನ್ನೆ ಮಂಚದ ಸೊನ್ನೆಯೇ. ಒಮ್ಮೆ ಜೋರಾಗಿ ಹೇಳಿ ನೋಡಿ, ನಾಲಿಗೆಯ ನಡುಭಾಗ ಅಂಗುಳಕ್ಕೆ ಒತ್ತುತ್ತದೆ. ಅದರ ಬಾಲಕ್ಕೆ ಒಂದು ‘ಜಿ’ ಅಂಟಿಕೊಂಡಿದೆ, ಅಷ್ಟೇ.