ಮೈಕ್ ಪ್ರೀಆಂಪ್‌ನಲ್ಲಿ ಆ ‘ಸ್‌ಸ್‌ಸ್’ ಎಲ್ಲಿಂದ ಬರುತ್ತದೆ?

ಡೈನಮಿಕ್ ಮೈಕಿನ (ಒಳಗೆ ಅಯಸ್ಕಾಂತ, ತಂತಿಯ ಕಾಯಿಲ್ ಇರುವ ಮೈಕ್) ಮುಂದೆ ಹತ್ತಿರದಿಂದ ಮಾತಾಡಿದರೆ ಅದರಿಂದ ಹೊರಡುವುದು ಸುಮಾರು ಒಂದು ಮಿಲಿವೋಲ್ಟ್, ಅಷ್ಟೇ. ಆಂಪ್ಲಿಫೈಯರಿಗೆ ಇದು ಏನೇನೂ ಸಾಲದು. ಅದಕ್ಕೆ ಕೊಡುವ ಮೊದಲು ಇನ್ನೂರು ಪಟ್ಟು ದೊಡ್ಡದು ಮಾಡಬೇಕು, ಪ್ರೀಆಂಪ್ ಅಂದರೆ ಅದೇ. ಆ ಕೆಲಸಕ್ಕೆ ಒಂದೇ ಒಂದು BC549C ಟ್ರಾನ್ಸಿಸ್ಟರ್ ಸಾಕು. ಕಷ್ಟ ಇರುವುದು ಅಲ್ಲಲ್ಲ. ಮಾತಿನ ಜೊತೆಗೆ ನಾಯ್ಸ್, ಅಂದರೆ ಆ ಬೇಡದ ‘ಸ್‌ಸ್‌ಸ್’ ಕೂಡ ಅಷ್ಟೇ ಪಟ್ಟು ದೊಡ್ಡದಾಗುತ್ತದಲ್ಲ, ಅಲ್ಲಿ.

ಈ ನಾಯ್ಸ್‌ನ ಒಂದು ಮೂಲ ಬರೀ ಬಿಸಿ. ರೆಸಿಸ್ಟರಿನೊಳಗೆ ಎಲೆಕ್ಟ್ರಾನ್‌ಗಳು ಸುಮ್ನೆ ಕೂರುವುದಿಲ್ಲ, ಅಡ್ಡಾದಿಡ್ಡಿ ಓಡಾಡುತ್ತಲೇ ಇರುತ್ತವೆ, ಹಾಗಾಗಿ ಬ್ಯಾಟರಿ ಜೋಡಿಸದಿದ್ದರೂ ಅದರ ಎರಡು ತುದಿಗಳ ನಡುವೆ ಚೂರು ವೋಲ್ಟೇಜ್ ನಡುಗುತ್ತಿರುತ್ತದೆ. ಬೆಲ್ ಲ್ಯಾಬ್ಸ್‌ನ ಜಾನ್ಸನ್ ಇದನ್ನು ಅಳೆದರು, ನೈಕ್ವಿಸ್ಟ್ ಅದರ ಲೆಕ್ಕ ಕೊಟ್ಟರು. ಇಬ್ಬರ ಬರಹವೂ ಅಚ್ಚಾದದ್ದು 1928ರಲ್ಲಿ. 20 ಕಿಲೋಹರ್ಟ್ಸ್‌ವರೆಗೆ ಲೆಕ್ಕ ಹಾಕಿದರೆ 200 ಓಮ್‌ನ ಮೈಕ್ ಕಾಯಿಲ್‌ನಿಂದ ಬರುವ ನಾಯ್ಸ್ ಸುಮಾರು 0.26 ಮೈಕ್ರೋವೋಲ್ಟ್. 10ಕೆ (10,000 ಓಮ್) ರೆಸಿಸ್ಟರಿನಿಂದ 1.8!

ನನ್ನ ಮೊದಲ ಪ್ರೀಆಂಪ್‌ನಲ್ಲಿ ಬೇಸ್‌ಗೆ (ಸಿಗ್ನಲ್ ಒಳಹೋಗುವ ಟ್ರಾನ್ಸಿಸ್ಟರ್ ಕಾಲು) ಸೀರೀಸ್‌ನಲ್ಲಿ ಇಂಥದ್ದೇ ಒಂದು 10ಕೆ ಹಾಕಿದ್ದೆ, ಟ್ರಾನ್ಸಿಸ್ಟರ್ ಸುಟ್ಟುಹೋಗದಿರಲಿ ಅಂತ. ಹೆಡ್‌ಫೋನ್ ಹಾಕಿದರೆ ಶೀಟಿನ ಮೇಲೆ ಮಳೆ ಸುರಿದ ಹಾಗೆ. ಟ್ರಾನ್ಸಿಸ್ಟರ್ ಮೂರು ಸಲ ಬದಲಾಯಿಸಿದರೂ ಹೋಗಲಿಲ್ಲ. ಕೊನೆಗೆ ಆ 10ಕೆ ಕಿತ್ತು, ಅಲ್ಲಿಗೆ ಒಂದು ತುಂಡು ವೈರ್ ಸೋಲ್ಡರ್ ಮಾಡಿದೆ. ಮಳೆ ಬಹುಪಾಲು ನಿಂತುಹೋಯಿತು.

ಸರ್ಕ್ಯೂಟ್ ಇಷ್ಟೇ: 9 ವೋಲ್ಟ್ ಬ್ಯಾಟರಿ, ಪ್ಲಸ್‌ನಿಂದ ಕಲೆಕ್ಟರಿಗೆ (ದೊಡ್ಡದಾದ ಸಿಗ್ನಲ್ ಹೊರಬರುವ ಕಾಲು) 10ಕೆ, ಕಲೆಕ್ಟರಿನಿಂದ ಬೇಸಿಗೆ 2.2 ಮೆಗ್ (22 ಲಕ್ಷ ಓಮ್), ಮೂರನೇ ಕಾಲು ಎಮಿಟರ್ ನೇರ ಗ್ರೌಂಡಿಗೆ, ಅಂದರೆ ಬ್ಯಾಟರಿಯ ಮೈನಸ್ಸಿಗೆ. ಇನ್‌ಪುಟ್‌ಗೊಂದು, ಔಟ್‌ಪುಟ್‌ಗೊಂದು 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಎರಡರ ಪ್ಲಸ್ ಕಾಲೂ ಟ್ರಾನ್ಸಿಸ್ಟರ್ ಕಡೆಗೆ. ಟ್ರಾನ್ಸಿಸ್ಟರಿನ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಕಲೆಕ್ಟರಿನಲ್ಲಿ ಮೂರು ವೋಲ್ಟ್ ಆಸುಪಾಸು ಸಿಕ್ಕರೆ ಸರಿ ಇದೆ ಅಂತ ಅರ್ಥ. ಕಲೆಕ್ಟರಿನ 10ಕೆ ಮೆಟಲ್ ಫಿಲ್ಮ್‌ದೇ ಇರಲಿ, ಕಾರ್ಬನ್‌ನಲ್ಲಿ ಕರೆಂಟ್ ಹರಿದಾಗ ಇನ್ನಷ್ಟು ನಾಯ್ಸ್ ಸೇರುತ್ತದೆ.

10ಕೆನೇ ಅಷ್ಟು ಕಾಟ ಕೊಟ್ಟ ಮೇಲೆ 2.2 ಮೆಗ್ ಇನ್ನೆಷ್ಟು ಕೊಡಬೇಕು, ಅಲ್ವಾ? ಕೊಡುವುದಿಲ್ಲ. ಅದು ಸಿಗ್ನಲ್ ಬರುವ ದಾರಿಗೆ ಅಡ್ಡ ನಿಂತಿಲ್ಲ, ಪಕ್ಕದಲ್ಲಿದೆ. ಅದರ ನಾಯ್ಸ್ ಮೈಕಿನ 200 ಓಮ್ ಮೂಲಕ ಗ್ರೌಂಡಿಗೆ ಹರಿದುಹೋಗುತ್ತದೆ. ನನಗೆ ಈ ಸರ್ಕ್ಯೂಟ್‌ನಲ್ಲಿ ತುಂಬಾ ಇಷ್ಟವಾದ ಸಂಗತಿ ಇದೇ.

‘ಗುಂಯ್’ ಅಂದರೆ ಅದು ಬೇರೆ ಕಥೆ, ಕರೆಂಟ್ ಲೈನಿನದ್ದು. ಶೀಲ್ಡೆಡ್ ವೈರ್ (ಸುತ್ತ ಲೋಹದ ಹೊದಿಕೆ ಇರುವುದು) ಹಾಕಿ, ಎಲ್ಲವನ್ನೂ ತಗಡಿನ ಬಿಸ್ಕತ್ ಡಬ್ಬಿಯಲ್ಲಿ ಕೂರಿಸಿ, ಡಬ್ಬಿಯನ್ನು ಗ್ರೌಂಡಿಗೆ ಜೋಡಿಸಿ. ಆಮೇಲೆ ಮೈಕ್ ತೆಗೆದು ಆ ಜಾಗಕ್ಕೆ 220 ಓಮ್ ರೆಸಿಸ್ಟರ್ ಹಾಕಿ ಕೇಳಿ. ಆಗಲೂ ಉಳಿಯುವ ಸಣ್ಣ ‘ಸ್‌ಸ್‌ಸ್’ನಲ್ಲಿ ಒಂದು ಪಾಲು ಆ ರೆಸಿಸ್ಟರಿನೊಳಗಿನ ಎಲೆಕ್ಟ್ರಾನ್‌ಗಳದ್ದೇ.